ಗೀಸರ್ ಮುನಿಸಿಕೊಂಡಾಗ

ಮೈತುಂಬ ಸೋಪು ಹಚ್ಚಿಕೊಂಡು ನಿಂತಾಗ ಗ್ಯಾಸ್ ಗೀಸರ್ ಟಪ್ಪೆಂದು ಆರಿ, ನೆತ್ತಿಯ ಮೇಲೆ ತಣ್ಣೀರು ಸುರಿದ ಅನುಭವ ನಿಮಗೂ ಆಗಿರಬೇಕಲ್ಲವೇ ಸೋದರಿಯರೇ? ನಮ್ಮ ಮನೆಯಲ್ಲಂತೂ ಹೋದ ಚಳಿಗಾಲವಿಡೀ ಇದೇ ರಾಮಾಯಣ. ಒಳಗಿನಿಂದ ನಮ್ಮವರ ಕೂಗು: "ಲೇ, ಮತ್ತೆ ಆರಿಹೋಯ್ತು ಕಣೇ!" ಮನೆಯಲ್ಲಿ ಏನು ಕೆಟ್ಟರೂ ಮೊದಲು ಹೆಂಡತಿಯನ್ನು ಕೂಗುವುದು ಗಂಡಸರ ಅಭ್ಯಾಸ, ಏನ್ಮಾಡೋದು!

ನಮ್ಮದು ಅರಸೀಕೆರೆ ಕಡೆ. ಸೋಗೆ, ಮಟ್ಟೆ, ಚಿಪ್ಪಿಗೆ ಬರವಿಲ್ಲದ ಸೀಮೆ. ಹಂಡೆ ಒಲೆ ಇದ್ದಾಗ ಈ ಗೋಳಿರಲಿಲ್ಲ. ಹೊಸ ಮನೆಗೆ ಬಂದಾಗ ಕರೆಂಟಿನ ಕಾಟ ಬೇಡವೆಂದು ಗ್ಯಾಸ್ ಗೀಸರ್ ತಂದೆವು. ಅಂಗಡಿಯವನು ಅದನ್ನು ಬಚ್ಚಲಿನ ಒಳಗೋಡೆಗೇ ಜಡಿದು ಹೋದ.

ಇದು ಹೇಗೆ ಹತ್ತುತ್ತದೆಂದು ತಿಳಿದರೆ ಏಕೆ ಆರುತ್ತದೆಂದು ತಾನಾಗಿ ಗೊತ್ತಾಗುತ್ತದೆ. ನಲ್ಲಿ ತಿರುಗಿಸಿದಾಗ ನುಗ್ಗುವ ನೀರು ಒಳಗಿನ ರಬ್ಬರ್ ಪೊರೆಯೊಂದನ್ನು ತಳ್ಳುತ್ತದೆ. ಆಗ ಸೆಲ್ಲಿನಿಂದ ಕಿಡಿ ಹಾರಿ, ಗ್ಯಾಸ್ ಬಿಟ್ಟುಕೊಂಡು ಉರಿ ಹತ್ತುತ್ತದೆ. ನೀರಿನ ರಭಸ ತಗ್ಗಿತೋ, ಪೊರೆ ಹಿಂದೆ ಸರಿದು ಗ್ಯಾಸ್ ನಿಂತಿತು. ಚಳಿಯೆಂದು ನೀರು ಇನ್ನೂ ಬಿಸಿಯಾಗಲಿ ಅಂತ ನಲ್ಲಿಯನ್ನು ಸಣ್ಣ ಮಾಡುತ್ತೇವೆ ನೋಡಿ, ಆರುವುದು ಆಗಲೇ. ಟ್ಯಾಂಕಿನಲ್ಲಿ ನೀರು ತಳ ಕಂಡಿದ್ದರೂ, ಟ್ಯಾಂಕು ಬಚ್ಚಲಿಗಿಂತ ಹೆಚ್ಚು ಎತ್ತರದಲ್ಲಿ ಇಲ್ಲದಿದ್ದರೂ ಇದೇ ಕತೆ.

ಟಿಕ್ ಟಿಕ್ ಎಂದು ಕಿಡಿ ಹಾರಿಯೂ ಹತ್ತದಿದ್ದರೆ, ಹತ್ತಿ ಕ್ಷಣದಲ್ಲೇ ಆರಿದರೆ, ಮೊದಲು ಸೆಲ್ಲು ಬದಲಿಸಿ. ಟಾರ್ಚಿಗೆ ಹಾಕುವ ದಪ್ಪ ಸೆಲ್ಲು, ಸಾಮಾನ್ಯವಾಗಿ ಎರಡು. ಎರಡನ್ನೂ ಒಟ್ಟಿಗೇ ಬದಲಿಸಬೇಕು. ಒಂದು ಹೊಸದು ಒಂದು ಹಳೆಯದು ಹಾಕಿ ಉಳಿತಾಯ ಮಾಡಹೋಗಬೇಡಿ. ಸಿಲಿಂಡರು ಮುಗಿಯುತ್ತ ಬಂದಾಗಲೂ ಉರಿ ಸೊರಗುತ್ತದೆ.

ನಮ್ಮದರಲ್ಲಿ ಹೊಸ ಸೆಲ್ಲು ಹಾಕಿದರೂ ಗುಣವಾಗಲಿಲ್ಲ. ನೀರಿನ ವಾಲ್ವು ನಿಲ್ಲಿಸಿ, ನೀರು ಒಳಹೋಗುವ ಪೈಪು ಬಿಚ್ಚಿ ನೋಡಿದೆವು. ಬಾಯಲ್ಲಿರುವ ಪುಟ್ಟ ಜಾಲರಿಯ ತುಂಬ ಮರಳು, ಬೋರ್‌ವೆಲ್ ನೀರಿನ ಬಿಳಿ ಗಸಿ. ನಿಂಬೆರಸದಲ್ಲಿ ನೆನೆಹಾಕಿ, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದೆ. ಉರಿ ನಿಂತಿತು.

ಆದರೂ ಅತ್ತೆಯವರು ಸ್ನಾನಕ್ಕೆ ಹೋದಾಗ ಮಾತ್ರ ಕೊನೆಯಲ್ಲಿ ಆರುತ್ತಿತ್ತು. ರಿಪೇರಿ ಹುಡುಗ ಬಂದು ನೋಡಿ, "ಇದು ಕೆಟ್ಟಿಲ್ಲ ಅಕ್ಕಾ. 20 ನಿಮಿಷವಾದರೆ ತಾನೇ ಆರುವ ಟೈಮರ್ ಇದೆ. ಬೇಕಾದರೆ ತೆಗೆದುಬಿಡ್ತೀನಿ, ಕಿರಿಕಿರಿ ಇರೋಲ್ಲ" ಎಂದ. ಅತ್ತೆಯವರಿಗೆ ಖುಷಿಯೋ ಖುಷಿ. ನನಗೆ ಮಾತ್ರ ಮನಸ್ಸು ಒಪ್ಪಲಿಲ್ಲ. ತಲೆಗೆ ನೀರು ಹಾಕಿಕೊಂಡ ದಿನವೇ ಅವರಿಗೆ ತಲೆನೋವು, ಹೊಟ್ಟೆ ತೊಳಸುವುದು, ಕಾಲು ನಡುಕ. ವಾಯು ಅಂದರು ಒಬ್ಬರು, ಬಿ.ಪಿ. ಅಂದರು ಇನ್ನೊಬ್ಬರು. ಡಾಕ್ಟರು ಬಿ.ಪಿ. ಸರಿಯಾಗೇ ಇದೆ ಎಂದಿದ್ದರು. ಬಚ್ಚಲಿಗಿರುವುದು ಒಂದೇ ಕಿಟಕಿ. ಚಳಿಗೆಂದು ಅದಕ್ಕೂ ಪ್ಲಾಸ್ಟಿಕ್ ಹಾಳೆ ಕಟ್ಟಿಸಿಕೊಂಡಿದ್ದರು!

ಗ್ಯಾಸ್ ಉರಿಯಲು ಗಾಳಿ ಬೇಕು. ಮುಚ್ಚಿದ ಕೋಣೆಯಲ್ಲಿ ಗಾಳಿ ಸಾಲದಾದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಇದು ರಕ್ತದ ಹಿಮೋಗ್ಲೋಬಿನ್ನನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಸಿಲಿಂಡರಿನ ಗ್ಯಾಸಿಗೆ ಬೇಕೆಂದೇ ನಾತ ಬೆರೆಸಿರುತ್ತಾರೆ, ಸೋರಿದರೆ ಮೂಗಿಗೆ ತಿಳಿಯುತ್ತದೆ. ಹಂಡೆ ಒಲೆಯ ಹೊಗೆಯಾದರೂ ಕಣ್ಣುರಿಸಿ ನಮ್ಮನ್ನು ಹೊರಗಟ್ಟುತ್ತಿತ್ತು. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ಸುತ್ತಿ ಕುಸಿದವರಿಗೆ ಚಿಲಕ ತೆಗೆಯಲೂ ಕೈ ಬಾರದು. ಬಚ್ಚಲಿನಲ್ಲೇ ಜೀವ ಹೋದ ಸುದ್ದಿಗಳನ್ನು ಪತ್ರಿಕೆಯಲ್ಲಿ ನೀವೂ ಓದಿರುತ್ತೀರಿ.

"ಟೈಮರ್ ಮುಟ್ಟಬೇಡಪ್ಪಾ, ಗೀಸರನ್ನೇ ಆಚೆ ಹಾಕು" ಎಂದೆ. ನಮ್ಮವರು ಖರ್ಚಿಗೆ ಗೊಣಗಿದರು. ಅತ್ತೆಯವರ ತಲೆನೋವಿನ ಲೆಕ್ಕ ಹೇಳಿದ ಮೇಲೆ ಸುಮ್ಮನಾದರು. ಈಗ ಗೀಸರು, ಸಿಲಿಂಡರು ಎರಡೂ ಹಿತ್ತಲಿನಲ್ಲಿ, ತಗಡಿನ ಮಾಡಿನ ಕೆಳಗೆ, ಕಿಟಕಿಯಿಂದ ದೂರ. ಬಿಸಿನೀರಿನ ಪೈಪು ಮಾತ್ರ ಒಳಗೆ. ಕಿಟಕಿಯ ಹಾಳೆಯನ್ನು ನಾನೇ ಕಿತ್ತೆ.

ನಿಮ್ಮ ಮನೆಯದು ಒಳಗೇ ಇದ್ದರೆ, ಆಚೆ ಹಾಕಿಸುವವರೆಗೆ ಬಾಗಿಲು ತೆರೆದಿಟ್ಟು ಬಕೆಟ್ಟಿಗೆ ನೀರು ಹಿಡಿದು, ಗೀಸರ್ ಆರಿಸಿ, ಗಾಳಿಯಾಡಿದ ಮೇಲೆ ಸ್ನಾನಕ್ಕೆ ಹೋಗಿ. ಉರಿ ನೀಲಿಯಾಗಿರಬೇಕು, ಹಳದಿಯಾದರೆ, ಮಸಿ ಕಟ್ಟಿದರೆ ಹತ್ತಿಸಲೇಬೇಡಿ, ತಿಳಿದವರನ್ನು ಕರೆಸಿ. ಗ್ಯಾಸ್ ಸೋರಿದ ವಾಸನೆ ಬಂದರೆ ರೆಗ್ಯುಲೇಟರ್ ಮುಚ್ಚಿ, ಸ್ವಿಚ್ಚು ಮುಟ್ಟದೆ ಆಚೆ ಬಂದು 1906ಕ್ಕೆ ಫೋನ್ ಮಾಡಿ.

ಅತ್ತೆಯವರ ತಲೆನೋವು ಹೋಗಿದೆ. ಈಗ ಅವರದು ಬೇರೆಯೇ ದೂರು: ಹಿತ್ತಲಿನಿಂದ ಬಿಸಿನೀರು ಬರುವಷ್ಟರಲ್ಲಿ ಅರ್ಧ ಬಕೆಟ್ ತಣ್ಣೀರು ದಂಡವಂತೆ. ಅದನ್ನು ಕರಿಬೇವಿನ ಗಿಡಕ್ಕೆ ಹಾಕುತ್ತಿದ್ದೇನೆ.