ಒಂದು ಗುಳಿಗೆಯ ವಿಚಾರ

'ಅಪಸ್ಮಾರ' ಎಂಬ ಶಬ್ದವನ್ನು ಬಿಡಿಸಿ ನೋಡಿದರೆ ಅದರಲ್ಲಿ ಭಯಂಕರವಾದುದೇನೂ ಇಲ್ಲ. ಸ್ಮಾರವೆಂದರೆ ಸ್ಮರಣೆ; ಅದು ತೊಲಗುವುದೇ ಅಪಸ್ಮಾರ. ಚರಕಸಂಹಿತೆ ಈ ವ್ಯಾಧಿಯನ್ನು ನಿದಾನಸ್ಥಾನದಲ್ಲಿಯೂ ಚಿಕಿತ್ಸಾಸ್ಥಾನದಲ್ಲಿಯೂ ಪ್ರತ್ಯೇಕ ಅಧ್ಯಾಯಗಳಲ್ಲಿ ವಿಚಾರಿಸಿದೆ. ಆದರೆ ಜನರು ಶಾಸ್ತ್ರವನ್ನು ಬಿಟ್ಟು ಭಯವನ್ನು ಮಾತ್ರ ಉಳಿಸಿಕೊಂಡರು. ಸೆಳವು ಬಂದವರ ಮುಷ್ಟಿಯಲ್ಲಿ ಬೀಗದ ಕೈ ತುರುಕುವುದು, ಮೂಗಿಗೆ ಈರುಳ್ಳಿ ಹಿಡಿಯುವುದು ಇಂದಿಗೂ ನಿಂತಿಲ್ಲ. ಇದಕ್ಕಿಂತ ಕ್ರೂರವಾದುದು ಕಾಯಿದೆಯ ಮಾತು. ಹಿಂದೂ ವಿವಾಹ ಕಾಯಿದೆಯಲ್ಲಿ ಪದೇ ಪದೇ ಬರುವ ಅಪಸ್ಮಾರವು ಮದುವೆಗೆ ಅಡ್ಡಿಯೆಂದೇ ಪರಿಗಣಿತವಾಗಿತ್ತು. 1999ರ ತಿದ್ದುಪಡಿಯಲ್ಲಿ ಆ ಶಬ್ದವನ್ನು ತೆಗೆದುಹಾಕಿದರು. ಕಾಯಿದೆಯಿಂದ ಹೋದುದು ಕನ್ಯಾನ್ವೇಷಣೆಯ ಜಗಲಿಯಿಂದ ಇನ್ನೂ ಹೋಗಿಲ್ಲವೆಂಬುದನ್ನು ಓದುಗರಿಗೆ ನಾನು ಹೇಳಬೇಕಾಗಿಲ್ಲ.

ಈ ರೋಗಕ್ಕೆ ಕೊಡುವ ಗುಳಿಗೆಗಳಲ್ಲಿ ಸೋಡಿಯಂ ವಾಲ್ಪ್ರೋಯೇಟ್ ಎಂಬುದೊಂದು. ಅದರ ಮೂಲದ್ರವ್ಯವಾದ ವಾಲ್ಪ್ರೋಯಿಕ್ ಆಮ್ಲವನ್ನು ಬರ್ಟನ್ ಎಂಬ ರಸಾಯನಜ್ಞನು 1882ರಲ್ಲಿಯೇ ತಯಾರಿಸಿದ್ದನು. ಹೆಸರು ಬಂದದ್ದು ನಮ್ಮ ಜಟಾಮಾಂಸಿಯ ಬಳಗಕ್ಕೆ ಸೇರಿದ ವಲೇರಿಯನ್ ಗಿಡದಿಂದ. ಅನಂತರ ಎಂಬತ್ತು ವರ್ಷ ಅದು ಪ್ರಯೋಗಶಾಲೆಗಳಲ್ಲಿ ಇತರ ವಸ್ತುಗಳನ್ನು ಕರಗಿಸುವ ದ್ರಾವಕವಾಗಿ ಊಳಿಗ ಮಾಡಿಕೊಂಡಿತ್ತು. 1962ರ ಸುಮಾರಿಗೆ ಫ್ರಾನ್ಸಿನ ಗ್ರೆನೋಬ್ಲಿನಲ್ಲಿ ಪಿಯರ್ ಎಮಾರ್ ಎಂಬಾತನು ಹಲವು ಹೊಸ ವಸ್ತುಗಳನ್ನು ಇದರಲ್ಲಿ ಕರಗಿಸಿ ಪರೀಕ್ಷಿಸುತ್ತಿದ್ದಾಗ, ಯಾವುದನ್ನು ಕರಗಿಸಿದರೂ ಪ್ರಾಣಿಗಳ ಸೆಳವು ತಡೆಯುತ್ತಿತ್ತು. ಗುಣವಿದ್ದದ್ದು ಕರಗಿದ್ದರಲ್ಲಲ್ಲ, ಕರಗಿಸಿದ್ದರಲ್ಲಿ! ಪಲ್ಲಕ್ಕಿ ಹೊತ್ತವನೇ ದೊರೆಯೆಂದು ತಿಳಿದಂತಾಯಿತು. 1967ರಲ್ಲಿ ಫ್ರಾನ್ಸಿನಲ್ಲಿ ಅದು ಔಷಧವಾಗಿ ಮಾರಾಟಕ್ಕೆ ಬಂದಿತು. ಲಕ್ಷಾಂತರ ಜನರನ್ನು ಅದು ಕಾಪಾಡಿದೆ. ಅದನ್ನು ಯಾರೂ ಅಲ್ಲಗಳೆಯಲಾಗದು.

ಆದರೆ 1982ರಲ್ಲಿ ಫ್ರಾನ್ಸಿನ ಲಿಯೋನ್ ಸೀಮೆಯಲ್ಲಿ ಎಲಿಜಬೆತ್ ರೋಬೆರ್ ಎಂಬ ವೈದ್ಯೆ, ಬೆನ್ನುಮೂಳೆ ಕೂಡದೆ ಹುಟ್ಟಿದ ಶಿಶುಗಳ ಲೆಕ್ಕವಿಡುತ್ತಿದ್ದಾಗ, ಅವುಗಳಲ್ಲಿ ಕೆಲವರ ತಾಯಂದಿರು ಬಸಿರಿನಲ್ಲಿ ಈ ಗುಳಿಗೆಯನ್ನು ಸೇವಿಸಿದ್ದುದನ್ನು ಕಂಡಳು. ಮುಂದೆ ಲೆಕ್ಕ ಸ್ಪಷ್ಟವಾಯಿತು. ಸಾಮಾನ್ಯವಾಗಿ ನೂರರಲ್ಲಿ ಎರಡು ಮೂರು ಶಿಶುಗಳಿಗಿರುವ ದೊಡ್ಡ ಅಂಗದೋಷ ಇಲ್ಲಿ ಸುಮಾರು ಹತ್ತಕ್ಕೆ ಏರುತ್ತದೆ. ಮಾತು, ನಡಿಗೆ, ಬುದ್ಧಿ ಹಿಂದುಳಿಯುವುದು ನೂರರಲ್ಲಿ 30ರಿಂದ 40 ಮಕ್ಕಳಲ್ಲಿ ಕಂಡಿದೆ.

ಏಕೆ ಹೀಗೆ? ಉತ್ತರದ ಒಂದು ಮುಖ್ಯಭಾಗ 2001ರಲ್ಲಿ ದೊರೆಯಿತು. ವಿಜ್ಞಾನದ ಅಧ್ಯಾಪಕಮಿತ್ರರು ನನಗೆ ಅದನ್ನು ವಿವರಿಸಿದಾಗ, ವಿದ್ವತ್ ಪರೀಕ್ಷೆಗೆ ಓದುತ್ತಿದ್ದ ಕಾಲದಲ್ಲಿ ಕೈಯಾರೆ ಬಿಚ್ಚಿ ಕಟ್ಟಿದ ಓಲೆಗರಿಯ ಕಟ್ಟುಗಳೇ ಕಣ್ಣಮುಂದೆ ಬಂದವು. ಪ್ರತಿಯೊಂದು ಜೀವಕೋಶದಲ್ಲಿಯೂ ಸುಮಾರು ಎರಡು ಮೀಟರ್ ಉದ್ದದ ಡಿ.ಎನ್.ಎ. ಎಳೆ, ಹಿಸ್ಟೋನ್ ಎಂಬ ಪ್ರೋಟೀನಿನ ಉಂಡೆಗಳಿಗೆ ಸುತ್ತಿಕೊಂಡಿರುತ್ತದೆ. ಗ್ರಂಥ ಎಲ್ಲ ಕೋಶಗಳಲ್ಲಿಯೂ ಬಹುತೇಕ ಒಂದೇ. ಯಾವ ಗರಿಯನ್ನು ಬಿಚ್ಚಿ ಓದಬೇಕು, ಯಾವುದನ್ನು ಕಟ್ಟಿಡಬೇಕು ಎಂಬುದು ಮಾತ್ರ ಬೇರೆ ಬೇರೆ. ಹಿಸ್ಟೋನಿಗೆ ಅಸಿಟೈಲ್ ಎಂಬ ಪುಟ್ಟ ಗುಂಪು ಅಂಟಿಕೊಂಡರೆ ಕಟ್ಟು ಸಡಿಲವಾಗಿ ವಂಶವಾಹಿ ಓದಿಗೆ ದೊರೆಯುತ್ತದೆ. ಅದನ್ನು ಕಿತ್ತುಹಾಕಿ ಕಟ್ಟನ್ನು ಬಿಗಿಯುವ ಕಿಣ್ವವೊಂದಿದೆ. ವಾಲ್ಪ್ರೋಯೇಟ್ ಆ ಕಿಣ್ವದ ಕೈಯನ್ನು ಹಿಡಿದು ನಿಲ್ಲಿಸುತ್ತದೆ. ಗ್ರಂಥದ ಒಂದಕ್ಷರವೂ ತಿದ್ದಲ್ಪಡುವುದಿಲ್ಲ; ಕಟ್ಟಿಡಬೇಕಾದ ಗರಿ ಅಕಾಲದಲ್ಲಿ ಬಿಚ್ಚಿಕೊಳ್ಳುತ್ತದೆ. ಬೆಳೆದವರ ದೇಹ ಇದನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತದೆ. ಗರ್ಭದಲ್ಲಿ ಹಾಗಲ್ಲ. ಮೆದುಳು, ಬೆನ್ನುಹುರಿಗಳಾಗುವ ನರನಾಳ ಮುಚ್ಚಿಕೊಳ್ಳುವುದು ಗರ್ಭಧಾರಣೆಯಾದ ಸುಮಾರು 28 ದಿನಗಳೊಳಗೆ. ತಾನು ಬಸುರಿಯೆಂದು ಎಷ್ಟೋ ಹೆಣ್ಣುಮಕ್ಕಳಿಗೆ ಅಷ್ಟರಲ್ಲಿ ತಿಳಿದೇ ಇರುವುದಿಲ್ಲ.

ನನ್ನ ತರಗತಿಯಲ್ಲಿ ಹಿಂದೆ ಓದಿದ್ದ ಹುಡುಗಿಯೊಬ್ಬಳು ಮದುವೆ ಗೊತ್ತಾದ ಮೇಲೆ ಇದೇ ಗುಳಿಗೆಯ ಪೊಟ್ಟಣದ ಕಾಗದವನ್ನು ತಂದು ಓದಿ ಹೇಳಿರೆಂದು ಕೇಳಿದ್ದಳು. ಸಾಸಿವೆಗಿಂತ ಸಣ್ಣ ಅಕ್ಷರ, ಅದೂ ಆಂಗ್ಲದಲ್ಲಿ. ಕನ್ನಡನಾಡಿನ ಹೆಣ್ಣುಮಗಳು ಹತ್ತು ವರ್ಷ ಪ್ರತಿದಿನ ನುಂಗಿದ ವಸ್ತುವಿನ ಎಚ್ಚರಿಕೆ ಅವಳ ಭಾಷೆಯಲ್ಲಿ ಒಂದು ಸಾಲೂ ಇಲ್ಲ. ಈ ಸಂಗತಿಗೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಗುಳಿಗೆಯನ್ನು ತಾನಾಗಿ ನಿಲ್ಲಿಸಬಾರದು, ಥಟ್ಟನೆ ಬಿಟ್ಟರೆ ಎಡೆಬಿಡದ ಸೆಳವಿನಿಂದ ಪ್ರಾಣಕ್ಕೇ ಅಪಾಯ ಎಂದು ಮೊದಲು ಹೇಳಿ, ವೈದ್ಯರ ಬಳಿಗೆ ಕಳುಹಿಸಿದೆವು. ಅವರು ಕೆಲವು ತಿಂಗಳಲ್ಲಿ ಮೆಲ್ಲಮೆಲ್ಲನೆ ಬೇರೆ ಔಷಧಕ್ಕೆ ದಾಟಿಸಿ, ಫೋಲಿಕ್ ಆಮ್ಲವನ್ನೂ ಕೊಟ್ಟರು. ರೋಗದ ವಿಷಯವನ್ನು ಹುಡುಗಿಯೇ ವರನಿಗೆ ತಿಳಿಸಿದಳು; ಮದುವೆ ಮುರಿಯಲಿಲ್ಲ. ಆಕೆಯ ಮಗು ಈಗ ಅಂಗನವಾಡಿಗೆ ಹೋಗುತ್ತಿದೆ. ಗುಳಿಗೆ ಬದಲಿಸದಿದ್ದರೂ ಅದು ಹೀಗೆಯೇ ಇರುತ್ತಿತ್ತೋ ಏನೋ. ಒಂದು ಮಗುವನ್ನು ನೋಡಿ ನಿರ್ಣಯಿಸಲಾಗದು. ಅದಕ್ಕೆ ನೂರಾರು ತಾಯಂದಿರ ಲೆಕ್ಕ ಬೇಕು. ಅಂತಹ ದಾಖಲೆಯನ್ನು ಕೇರಳದ ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯಲ್ಲಿ 1998ರಿಂದ ಇಡುತ್ತ ಬಂದಿದ್ದಾರೆ.

ಇಷ್ಟಕ್ಕೂ ಕಟ್ಟು ಬಿಚ್ಚುವ ವಿದ್ಯೆ ಕೇಡಿಗೇ ಮೀಸಲಲ್ಲ. ಇದೇ ಬಗೆಯ ಕಿಣ್ವವನ್ನು ತಡೆಯುವ ವೊರಿನೋಸ್ಟ್ಯಾಟ್ ಎಂಬ ಔಷಧಕ್ಕೆ ಚರ್ಮದಲ್ಲಿ ಕಾಣಿಸುವ ಒಂದು ಬಗೆಯ ಕ್ಯಾನ್ಸರಿಗಾಗಿ 2006ರಲ್ಲಿ ಅಮೆರಿಕದಲ್ಲಿ ಮನ್ನಣೆ ದೊರೆಯಿತು. ಬಸಿರಿನಲ್ಲಿ ತಾಯಿ ಸೇದಿದ ಹೊಗೆಬತ್ತಿಯ ಗುರುತು ಮಗುವಿನ ಹೊಕ್ಕುಳಬಳ್ಳಿಯ ರಕ್ತದ ಡಿ.ಎನ್.ಎ. ಮೇಲೆ ಬೇರೊಂದು ಬಗೆಯ ಮುದ್ರೆಯಾಗಿ ಕಾಣುವುದನ್ನೂ 2012ರಲ್ಲಿ ತೋರಿಸಿದ್ದಾರೆ.

ಈ ಶಾಸ್ತ್ರಕ್ಕೆ ಆಂಗ್ಲರು ಎಪಿಜೆನೆಟಿಕ್ಸ್ ಎನ್ನುತ್ತಾರೆ. 'ಎಪಿ' ಎಂದರೆ ಗ್ರೀಕಿನಲ್ಲಿ 'ಮೇಲೆ'. ನಮ್ಮಲ್ಲಿ 'ಅಧಿ' ಎಂಬ ಉಪಸರ್ಗ ಸಿದ್ಧವಾಗಿದೆ. 'ಅಧಿವಂಶಶಾಸ್ತ್ರ' ಎನ್ನಬಹುದೆಂದು ಸೂಚಿಸಿದೆ. ವಿಜ್ಞಾನದ ಮಿತ್ರರು, ಮಕ್ಕಳು ಅದನ್ನು ಅಧಿಕ ವಂಶವೆಂದು ಓದಿಯಾರೆಂದು ತಕರಾರು ತೆಗೆದಿದ್ದಾರೆ. ವಾದ ಇನ್ನೂ ಮುಗಿದಿಲ್ಲ.