ಅಳೆಯುವ ಯಂತ್ರಕ್ಕೂ ಅಳತೆ

ರೇಡಿಯೋ ಅಲೆಗಳಲ್ಲಿ ಅತಿ ಸೂಕ್ಷ್ಮವಾದ ಮೈಕ್ರೋವೇವುಗಳನ್ನು ಆಂಟೆನಾಕ್ಕೆ ಕಳುಹಿಸಿದರೆ ಅವೆಲ್ಲವೂ ಮುಂದೆ ಸಾಗುವುವೆಂಬ ಭರವಸೆಯಿಲ್ಲ. ವಿದ್ಯುತ್ತಿಗೆ ಆಂಟೆನಾ ಒಡ್ಡುವ ತಡೆಗೆ ಇಂಪೀಡೆನ್ಸ್ ಎಂದು ಹೆಸರು. ಅದು ಅಲೆಯನ್ನು ತರುವ ನಾಳದ ಇಂಪೀಡೆನ್ಸಿಗೆ ಹೊಂದದಿದ್ದರೆ, ಕೊಳದ ಅಲೆ ಮೆಟ್ಟಿಲಿಗೆ ಬಡಿದು ಹಿಂದಿರುಗುವಂತೆ, ಒಂದಂಶವು ಮರಳಿ ಬರುವುದು. ಹೋಗುವ ಅಲೆಯೂ ಬರುವ ಅಲೆಯೂ ಕೂಡಿ ನಾಳದಲ್ಲಿ ನಿಂತ ಉಬ್ಬುತಗ್ಗುಗಳಾಗುವುವು.

ನಾವು ಈ ವಿದ್ಯೆಯನ್ನು ಕಲಿತಾಗ ಆ ಉಬ್ಬುತಗ್ಗುಗಳನ್ನು ಕೈಯಿಂದಲೇ ಹುಡುಕಬೇಕಾಗಿದ್ದಿತು. ಉದ್ದಕ್ಕೂ ಸೀಳುಳ್ಳ ಲೋಹದ ನಾಳ. ಸೀಳಿನೊಳಗೆ ಇಳಿಬಿಟ್ಟ ಸಣ್ಣ ಸೂಜಿ. ಅದನ್ನು ಮೆಲ್ಲಮೆಲ್ಲನೆ ಸರಿಸುತ್ತ ಮಾಪಕದ ಮುಳ್ಳಿನ ಏರಿಳಿತವನ್ನು ಬರೆದುಕೊಳ್ಳುತ್ತಿದ್ದೆವು. ಸೆಕೆಂಡಿಗೆ 300 ಕೋಟಿ ಕಂಪನಗಳ ಅಲೆಯ ಉದ್ದ 10 ಸೆಂಟಿಮೀಟರು. ತಗ್ಗಿನಿಂದ ತಗ್ಗಿಗೆ 5 ಸೆಂಟಿಮೀಟರು. ಉಬ್ಬಿನ ವೋಲ್ಟೇಜು ತಗ್ಗಿನದರ ಎರಡರಷ್ಟಿದ್ದರೆ, ಶಕ್ತಿಯ ಒಂಬತ್ತರಲ್ಲೊಂದು ಪಾಲು ಮರಳಿತೆಂದು ತಿಳಿಯುವುದು. ಬಳಿಕ ಅಮೆರಿಕದ ಫಿಲಿಪ್ ಸ್ಮಿತ್ ಎಂಬ ಇಂಜಿನಿಯರು 1939ರಲ್ಲಿ ಪ್ರಕಟಿಸಿದ ವೃತ್ತಾಕಾರದ ನಕ್ಷೆಯ ಮೇಲೆ ಕೈವಾರವನ್ನಿಟ್ಟು ಇಂಪೀಡೆನ್ಸನ್ನು ಓದುವೆವು. ಕಂಪನಸಂಖ್ಯೆ ಬದಲಾಯಿತೋ, ಎಲ್ಲವೂ ಮೊದಲಿನಿಂದ!

1960ರ ದಶಕದ ಕೊನೆಯ ವೇಳೆಗೆ ಹ್ಯೂಲೆಟ್-ಪ್ಯಾಕರ್ಡ್ ಸಂಸ್ಥೆಯವರು ಈ ಅಳತೆಗೆ ಗಣಕಯಂತ್ರವನ್ನು ಜೋಡಿಸಿದರು. 1984ರಲ್ಲಿ ಬಂದ ಅವರ 8510 ಎಂಬ ಯಂತ್ರವು ನೂರಾರು ಕಂಪನಸಂಖ್ಯೆಗಳ ಅಳತೆಯನ್ನು ನೋಡನೋಡುತ್ತಿರುವಂತೆಯೇ ಮುಗಿಸಿ, ತೆರೆಯ ಮೇಲೆ ಅದೇ ಸ್ಮಿತ್ ನಕ್ಷೆಯನ್ನು ಬರೆಯಬಲ್ಲುದಾಗಿದ್ದಿತು. ವರ್ಷಗಟ್ಟಲೆ ಬೆರಳ ತುದಿಯಲ್ಲಿ ಕೂಡಿಸಿಟ್ಟ ನಮ್ಮ ಕೌಶಲಕ್ಕೆ ಇನ್ನು ಬೆಲೆಯುಂಟೆ ಎಂದು ಮನಸ್ಸು ಒಂದಿಷ್ಟು ಮುದುಡಿದ್ದು ನಿಜ.

ಆದರೆ ಆ ಯಂತ್ರದ ನಡತೆಯೇ ನಮ್ಮನ್ನು ಸಮಾಧಾನಗೊಳಿಸಿತು. ಅದರ ಕೇಬಲುಗಳೂ ಜೋಡಣೆಗಳೂ ತಾವೇ ಅಲೆಯನ್ನು ಹಿಂದೂಡುವುವು. ಆದುದರಿಂದ ಕೆಲಸಕ್ಕೆ ಮುಂಚೆ ಅದಕ್ಕೆ ಗುಣ ತಿಳಿದ ಮೂರು ತುದಿಗಳನ್ನು ತೋರಿಸಬೇಕು: ಮುಚ್ಚಿದುದು, ತೆರೆದುದು, ಅಲೆಯನ್ನೆಲ್ಲ ಹೀರಿಕೊಳ್ಳುವಂಥದು. ಅವುಗಳಿಂದ ಯಂತ್ರವು ತನ್ನ ದೋಷವೆಷ್ಟೆಂದು ಅರಿತು, ಮುಂದಿನ ಲೆಕ್ಕದಿಂದ ಅದನ್ನು ಕಳೆಯುವುದು. ತೂಗುವ ಮೊದಲು ಬರಿಯ ತಕ್ಕಡಿಯನ್ನು ಎತ್ತಿ ತೋರಿಸುವ ವರ್ತಕನ ಧರ್ಮವೇ ಇದು.

ಈ ಧರ್ಮವನ್ನು ಯಂತ್ರಕ್ಕೆ ನೆನಪಿಸುವವನು ಮನುಷ್ಯನೇ. ಜೋಡಣೆಯಲ್ಲಿ ದೂಳು ಕುಳಿತರೂ, ಕೇಬಲು ಆಮೇಲೆ ಬಾಗಿದರೂ ತೆರೆಯ ಮೇಲಿನ ಗೆರೆ ಅಷ್ಟೇ ಅಂದವಾಗಿರುವುದು. ಅದನ್ನು ನಂಬಿ ಕಟ್ಟಿದ ಆಂಟೆನಾ ಮಾತ್ರ ದೂರದವರೆಗೆ ದನಿಯನ್ನು ಮುಟ್ಟಿಸದು. ಆದಕಾರಣ ನಮ್ಮ ಬಳಿ ಕಲಿಯಬರುವ ಕಿರಿಯರ ಕೈಗೆ ಒಂದು ದಿನದ ಮಟ್ಟಿಗಾದರೂ ಆ ಸೀಳುನಾಳವನ್ನು ಕೊಡುತ್ತೇವೆ. ಮರಳಿ ಬರುವ ಅಲೆಯನ್ನು ಬೆರಳಿನಿಂದ ಹುಡುಕಿದವರು ತೆರೆಯ ಗೆರೆಯನ್ನು ಪ್ರಶ್ನೆ ಮಾಡದೆ ಒಪ್ಪುವುದಿಲ್ಲ.