ಬೀಳಗಿಯಾಕಿ

ನಮ್ಮ ಕಡೆಯ ಅಡ್ಡಹೆಸರುಗಳೆಂದರೆ ಹೊರಗಿನವರಿಗೆ ನಗೆ. ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ, ಹುಣಸಿಮರದ – ಯಾವುದಾದರೂ ಶಾಲೆಯ ಹಾಜರಿ ಪುಸ್ತಕ ಓದಿದರೆ ವಾರದ ಸಂತೆ ಮುಗಿಸಿ ಬಂದಂತಾಗುತ್ತದೆ. ತಿನ್ನುವ ಪದಾರ್ಥ ಮುಗಿದಲ್ಲಿ ಊರುಗಳು ಶುರುವಾಗುತ್ತವೆ: ಜಮಖಂಡಿ, ಮುಧೋಳ, ಬನಹಟ್ಟಿ, ಹಾನಗಲ್. ಒಟ್ಟಿನಲ್ಲಿ ಗಂಡಸರಿಗೆ ಹುಟ್ಟಿದಾಗ ಸಿಕ್ಕ ಅಡ್ಡಹೆಸರು ಸಾಯುವ ತನಕ ಒಂದೇ. ಹೆಣ್ಣುಮಕ್ಕಳ ಲೆಕ್ಕ ಹಾಗಲ್ಲ. ಮದುವೆಯ ತನಕ ಅಪ್ಪನದು, ಆಮೇಲೆ ಗಂಡನದು.

ಆದರೆ ರೇಷನ್ ಕಾರ್ಡಿನಲ್ಲಿ ಇಲ್ಲದ ಇನ್ನೊಂದು ಹೆಸರು ನಮಗಿದೆ. ಅದನ್ನು ಇಡುವವರು ಗಂಡನ ಮನೆಯ ಹೆಂಗಸರು. ಮನೆ ತುಂಬಿದ ಸೊಸೆಯನ್ನು ಅವರು ತವರೂರಿನಿಂದ ಗುರುತು ಹಿಡಿಯುತ್ತಾರೆ. ಮುಧೋಳಾಕಿ, ತೇರದಾಳದಾಕಿ, ಹೀಗೆ. 1976ರಲ್ಲಿ ಬೀಳಗಿಯಿಂದ ರಬಕವಿಗೆ ಸೊಸೆಯಾಗಿ ಬಂದ ನಾನು ಒಂದೇ ವಾರದಲ್ಲಿ ‘ಬೀಳಗ್ಯಾಕಿ’ ಆದೆ. ‘ಬೀಳಗ್ಯಾಕಿ ರೊಟ್ಟಿ ಚೊಲೊ ಬಡೀತಾಳ’ ಎಂದರೂ ನಾನೇ, ‘ಬೀಳಗ್ಯಾಕಿ ಸಾರಿಗೆ ಉಪ್ಪು ಯಾವಾಗ್ಲೂ ಕಮ್ಮಿ’ ಎಂದರೂ ನಾನೇ. ಹೊಗಳಿಕೆಯಾಗಲಿ ತೆಗಳಿಕೆಯಾಗಲಿ ಜಮೆಯಾಗುವುದು ನಮ್ಮೂರಿನ ಖಾತೆಗೆ! ತಲೆಯ ಮೇಲೆ ಇಡೀ ಊರನ್ನು ಹೊತ್ತುಕೊಂಡು ಓಡಾಡಿದ ಹಾಗೆ. ಭಾರವೂ ಹೌದು, ಒಂದು ಥರದ ಧೈರ್ಯವೂ ಹೌದು.

ನಮ್ಮ ಮನೆಯಲ್ಲಿ ಬೆಳಿಗ್ಗೆ ಮಗ್ಗದ ಸಪ್ಪಳದ ಜೊತೆ ರೇಡಿಯೋ ಸಿಲೋನ್ ಹಾಡುತ್ತಿತ್ತು. ಏಳೂವರೆಗೆ ಹಳೆಯ ಹಿಂದಿ ಸಿನೆಮಾ ಹಾಡುಗಳು, ಎಂಟು ಹೊಡೆಯುವ ಮುಂದೆ ಸೈಗಲ್. ಒಂದು ದಿನ ಒಂದು ಹೆಣ್ಣುದನಿ ಬಂದಾಗ ನಮ್ಮ ಅತ್ತೆ ಒಲೆಯ ಮುಂದೆ ಕುಳಿತಲ್ಲೇ ಹೇಳಿದರು: “ಕೇಳವಾ, ನಿಮ್ಮೂರಾಕಿ ಹಾಡಾಕತ್ತಾಳ. ಆಕೀನೂ ಬೀಳಗ್ಯಾಕೀನ.” ಅಮೀರಬಾಯಿ ಕರ್ನಾಟಕಿಯ ಹೆಸರನ್ನು ತವರಿನಲ್ಲಿ ಹಿರಿಯರ ಬಾಯಲ್ಲಿ ಕೇಳಿದ್ದೆ. ಆದರೆ ಅವರೂ ನನ್ನ ಹಾಗೆ ಪರಊರಿಗೆ ಹೋಗಿ ‘ಇಂಥಾ ಕಡೆಯಾಕಿ’ ಎನಿಸಿಕೊಂಡವರು ಎಂಬುದು ಹೊಳೆದದ್ದು ಅಂದು. ರಬಕವಿಯವರಿಗೆ ಬೀಳಗಿ ಗೊತ್ತಿತ್ತು, ನಾನು ಬೀಳಗಿಯಾಕಿ. ಮುಂಬಯಿಯವರಿಗೆ ಬೀಳಗಿ ಎಲ್ಲಿ ಗೊತ್ತು? ಅವರಿಗೆ ಆಕೆ ‘ಕರ್ನಾಟಕಿ’.

ಅಮೀರಬಾಯಿ ಹುಟ್ಟಿದ್ದು 1906ರ ಸುಮಾರಿಗೆ. ಐದು ಜನ ಅಕ್ಕತಂಗಿಯರು. ಹೆಸರು ಮಾಡಿದವರು ಇವರು ಮತ್ತು ಇವರ ಅಕ್ಕ ಗೋಹರಬಾಯಿ. ಗೋಹರಬಾಯಿ ಮರಾಠಿ ರಂಗಭೂಮಿಗೆ ಹೋದರು, ಬಾಲಗಂಧರ್ವರ ಜೊತೆ ನಟಿಸಿದರು, ಅವರ ಬಾಳಿನಲ್ಲೂ ಜೊತೆಯಾದರು. ಹೆಣ್ಣಿನ ಪಾತ್ರ ಮಾಡಿ ಇಡೀ ಮಹಾರಾಷ್ಟ್ರವನ್ನು ಮರುಳು ಮಾಡಿದ ಗಂಡಸಿನ ಎದುರು ನಿಜವಾದ ಹೆಣ್ಣೊಬ್ಬಳು ರಂಗದ ಮೇಲೆ ನಿಲ್ಲುವುದೆಂದರೆ ಸಣ್ಣ ಮಾತೆ?

ಆಗ ನಮ್ಮ ಕಡೆಯಿಂದ ಮುಂಬಯಿಗೆ ಹೋಗುವವರು ಬಾಗಲಕೋಟೆಗೆ ಬಂದು ಸಣ್ಣ ಗಾಡಿ ಹತ್ತಿ, ವಿಜಾಪುರದ ಮೇಲೆ ಹೋಟಗಿಗೆ ಹೋಗಿ, ಅಲ್ಲಿ ದೊಡ್ಡ ಗಾಡಿ ಹಿಡಿಯಬೇಕು. ಕೃಷ್ಣೆ, ಭೀಮೆ ಎರಡನ್ನೂ ದಾಟುವ ದಾರಿ. ಮನೆಮಾತು ಕನ್ನಡದ ಹುಡುಗಿ ಹಾಡಿಗಾಗಿ ಆ ಊರು ಸೇರಿದಳು ಎಂದರೆ ಗಂಟಲೊಂದನ್ನು ಬಿಟ್ಟು ಬೇರೆ ಯಾವ ಬಂಡವಾಳ ಕೈಯಲ್ಲಿತ್ತೋ! ಅಕ್ಕನ ನೆರವಿನಿಂದ 1934ರಲ್ಲಿ ‘ವಿಷ್ಣುಭಕ್ತಿ’ ಎಂಬ ಚಿತ್ರದಲ್ಲಿ ಪಾತ್ರ ಸಿಕ್ಕಿತು. ಹೆಸರು ಬರಲು ಮಾತ್ರ ಇನ್ನೂ ಒಂಬತ್ತು ವರ್ಷ ಕಾಯಬೇಕಾಯಿತು. ನಡುವೆ ‘ನರಸೀ ಭಗತ್’ ಚಿತ್ರದಲ್ಲಿ ಹಾಡಿದ ವೈಷ್ಣವ ಭಜನೆಯನ್ನು ಗಾಂಧೀಜಿ ಮೆಚ್ಚಿದ್ದರೆಂದು ಹೇಳುತ್ತಾರೆ. ಬೀಳಗಿಯ ಮುಸಲ್ಮಾನ ಹೆಣ್ಣುಮಗಳು ಗುಜರಾತಿನ ಸಂತನ ಪದವನ್ನು ಹಾಡಿ ಮನೆ ಮನೆಗೆ ಮುಟ್ಟಿಸಿದಳು.

1943ರಲ್ಲಿ ಬಾಂಬೆ ಟಾಕೀಜಿನ ‘ಕಿಸ್ಮತ್’ ಬಂದಿತು. ಸಂಗೀತ ಅನಿಲ್ ಬಿಸ್ವಾಸರದು. ಮೋಡವನ್ನು ಕುರಿತ ಲಾಲಿಯಂಥ ಹಾಡು, ದೀಪಾವಳಿಯ ದಿನ ಒಂಟಿ ಹೆಣ್ಣು ತನ್ನ ಮನೆಯ ಕತ್ತಲೆಯನ್ನು ನೆನೆಯುವ ಹಾಡು ಅದರಲ್ಲಿವೆ. ಖಾನ್ ಮಸ್ತಾನಾ ಅವರ ಜೊತೆ ಹಾಡಿದ, ಕವಿ ಪ್ರದೀಪ್ ಬರೆದ ವೀರಗೀತೆಯೂ ಇದೆ. ಯುದ್ಧದ ಕಾಲ ಅದು. ಹಾಡಿನಲ್ಲಿ ಜರ್ಮನಿ, ಜಪಾನಿನ ಹೆಸರು ಬಂದಿದ್ದರಿಂದ ಸೆನ್ಸಾರಿನವರು ತಮ್ಮ ಶತ್ರುಗಳಿಗೆ ಹೇಳಿದ್ದೆಂದು ಬಿಟ್ಟುಕೊಟ್ಟರು. ಬಿಳಿಯರನ್ನೇ ಹೊರಗೆ ಹೋಗೆನ್ನುತ್ತಿದೆ ಎಂದು ಜನಕ್ಕೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕಲಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಆ ಸಿನೆಮಾ ಮೂರು ವರ್ಷಕ್ಕೂ ಮೇಲೆ ನಡೆಯಿತು.

ಆಮೇಲೆ ಹಾಡಿದ್ದೇ ಹಾಡು. 1944ರಲ್ಲಿ ನೌಷಾದರ ‘ರತನ್’, 1947ರಲ್ಲಿ ಸಿ. ರಾಮಚಂದ್ರರ ‘ಶಹನಾಯಿ’. ನನಗೆ ಇವೆಲ್ಲಕ್ಕಿಂತ ಹತ್ತಿರವೆನಿಸುವುದು 1946ರ ಗುಜರಾತಿ ಚಿತ್ರ ‘ರಾಣಕದೇವಿ’ಯ ಹಾಡು. ನಮ್ಮ ಹಳ್ಳಿಗೆ ಒಮ್ಮೆಯಾದರೂ ಬನ್ನಿ ಎಂದು ಕರೆಯುವ ಹಾಡದು. ಸೊಸೆಯಾಗಿ ಬಂದವಳು ನೆರೆಮನೆಯವಳ ಹತ್ತಿರ ತವರಿನ ಮಾತಾಡುವುದಿಲ್ಲವೆ, ‘ಒಮ್ಮೆ ನಮ್ಮೂರಿಗೆ ಬರ್ರಿ’ ಎಂದು, ಆ ಧಾಟಿ. ಹಾಡಿನ ಭಾಷೆ ಗುಜರಾತಿ. ಹಾಡುವವಳ ಕಣ್ಣ ಮುಂದೆ ಯಾವ ಹಳ್ಳಿ ಇತ್ತೆಂದು ನಾನು ಊಹಿಸಿಕೊಳ್ಳುತ್ತೇನೆ, ಅಷ್ಟೆ.

1948ರಲ್ಲಿ ಅವರು ಇನ್ನೊಂದು ಕೆಲಸ ಮಾಡಿದರು. ವಹಾಬ್ ಪಿಕ್ಚರ್ಸಿನ ‘ಶಹನಾಜ್’ ಚಿತ್ರಕ್ಕೆ ತಾವೇ ಸಂಗೀತ ನಿರ್ದೇಶಕಿಯಾದರು. ಇದನ್ನು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುವವರೇ ಹೆಚ್ಚು. ನಾನು ಸ್ವಲ್ಪ ನಿಲ್ಲುತ್ತೇನೆ. ಯಾರೋ ಹೆಚ್ಚಿಕೊಟ್ಟ ಪಲ್ಯಕ್ಕೆ ಒಗ್ಗರಣೆ ಹಾಕುವುದು ಬೇರೆ. ಸಂತೆಗೆ ಹೋಗಿ ಕಾಯಿಪಲ್ಯ ಆರಿಸಿ, ಎಷ್ಟು ಮಂದಿ ಉಣ್ಣುವವರೆಂದು ಲೆಕ್ಕ ಹಾಕಿ, ಅಡಿಗೆ ಇಡುವುದು ಬೇರೆ. ಹಾಡುವವಳಿಗೆ ಮಟ್ಟು ಬೇರೆಯವರು ಕೊಡುತ್ತಾರೆ. ಸಂಗೀತ ನಿರ್ದೇಶಕಿಯಾದರೆ ಮಟ್ಟು ತಾನೇ ಹುಟ್ಟಿಸಬೇಕು. ಯಾವ ಸಾಲಿಗೆ ಪಿಟೀಲು, ಎಲ್ಲಿ ಸಾರಂಗಿ, ತಬಲಾ ಎಲ್ಲಿ ಸುಮ್ಮನಿರಬೇಕು ಎಂದು ತಾನೇ ನಿಶ್ಚಯಿಸಬೇಕು. ಗಂಡಸರೇ ತುಂಬಿದ ವಾದ್ಯದವರ ಸಾಲು ಅವಳ ಕೈಸನ್ನೆಗೆ ಕಾಯಬೇಕು. ಅವರಿಗಿಂತ ಮುಂಚೆ ಈ ಕೆಲಸ ಮಾಡಿದ ಹೆಂಗಸರು ಬೆರಳೆಣಿಕೆಯವರು. ಒಬ್ಬರು ನಟಿ ನರ್ಗಿಸಳ ತಾಯಿ ಜದ್ದನಬಾಯಿ. ಇನ್ನೊಬ್ಬರು ಬಾಂಬೆ ಟಾಕೀಜಿನ ಸರಸ್ವತೀದೇವಿ. ಪಾರ್ಸಿ ಮನೆತನದ ಅವರ ನಿಜವಾದ ಹೆಸರು ಖುರ್ಷಿದ್. ಪಾರ್ಸಿ ಹೆಣ್ಣುಮಗಳು ಸಿನೆಮಾಕ್ಕೆ ಹೋಗುವುದೆಂದರೇನೆಂದು ಜಾತಿಯವರು ಗದ್ದಲ ಎಬ್ಬಿಸಿದ್ದರಿಂದ ಹೆಸರನ್ನೇ ಬದಲಿಸಿಕೊಳ್ಳಬೇಕಾಯಿತು. ದುಡಿಯಲಿಕ್ಕೆ ಹೆಸರು ಬಚ್ಚಿಡಬೇಕಾದ ಆ ಕಾಲದಲ್ಲಿ ನಮ್ಮಾಕಿ ಊರಕಡೆಯ ಹೆಸರನ್ನೇ ಹಣೆಗೆ ಹಚ್ಚಿಕೊಂಡು ದುಡಿದರು.

ಸಂಸಾರದ ಮಾತು. ನಟ ಹಿಮಾಲಯವಾಲಾ ಅವರ ಜೊತೆ ಆದ ಮೊದಲ ಮದುವೆ ನೋವಿನದಾಯಿತು. ದೇಶ ಇಬ್ಭಾಗವಾದ ಮೇಲೆ ಆತ ಪಾಕಿಸ್ತಾನಕ್ಕೆ ಹೋದರು. ಮುಂದೆ ಅಮೀರಬಾಯಿ ‘ಪಾರಸ್’ ಪತ್ರಿಕೆಯ ಸಂಪಾದಕ ಬದ್ರಿ ಕಾಂಚವಾಲಾ ಅವರನ್ನು ಮದುವೆಯಾದರು. ಎರಡು ಮದುವೆಯಾದರೂ ಗ್ರಾಮೋಫೋನ್ ತಟ್ಟೆಯ ಮೇಲೆ ಯಾವ ಗಂಡನ ಹೆಸರೂ ಹತ್ತಲಿಲ್ಲ. ಮೊದಲಿನಿಂದ ಕೊನೆಯ ತನಕ ಅಮೀರಬಾಯಿ ಕರ್ನಾಟಕಿ. ನಮ್ಮಲ್ಲಿ ಎಷ್ಟು ಜನಕ್ಕೆ ಈ ಭಾಗ್ಯ ಉಂಟು, ನೀವೇ ಹೇಳಿ.

1949ರ ಹೊತ್ತಿಗೆ ಗಾಳಿ ತಿರುಗಿತು. ಲತಾ ಮಂಗೇಶ್ಕರರ ಸಣ್ಣ, ತೀಡಿದ ದನಿ ಎಲ್ಲ ಕಡೆ ಹಬ್ಬಿತು. ಇದರಲ್ಲಿ ಯಾರ ತಪ್ಪೂ ಇಲ್ಲ. ಮೊದಲಿನ ಹಾಡುಗಾರ್ತಿಯರು ಮೈಕು ಇಲ್ಲದ ರಂಗದ ಕಾಲದವರು. ಕೊನೆಯ ಸಾಲಿನಲ್ಲಿ ಕುಳಿತವನಿಗೂ ಮುಟ್ಟಬೇಕೆಂದು ಗಂಟಲು ತೆರೆದು ಹಾಡುವ ಪದ್ಧತಿ. ಮೈಕಿಗೆ ಅದು ಬೇಡ. ಅದು ಪಿಸುಮಾತನ್ನೂ ಹಿಡಿಯುತ್ತದೆ. 1950ರ ‘ಸಮಾಧಿ’ ಚಿತ್ರದಲ್ಲಿ ಪಶ್ಚಿಮದ ಕುಣಿತದ ಮಟ್ಟಿನ ಹಾಡೊಂದಿದೆ. ಅದನ್ನು ಹಾಡಿದವರು ಲತಾ ಮತ್ತು ಅಮೀರಬಾಯಿ. ಕಿವಿಗೊಟ್ಟು ಕೇಳಿದರೆ ಒಂದು ಕಾಲ ಹೊಸ್ತಿಲು ದಾಟಿ ಹೋಗುವುದೂ ಇನ್ನೊಂದು ಒಳಗೆ ಬರುವುದೂ ತಿಳಿಯುತ್ತದೆ. ಇಬ್ಬರೂ ನಗುನಗುತ್ತಲೇ ಹಾಡಿದ್ದಾರೆ.

ಹಾಡು ಕಡಿಮೆಯಾದಾಗ ಅಮೀರಬಾಯಿ ಕೈಕಟ್ಟಿ ಕೂಡಲಿಲ್ಲ. ಮತ್ತೆ ನಟನೆಗೆ ತಿರುಗಿದರು, ಸಣ್ಣ ಪುಟ್ಟ ಪೋಷಕ ಪಾತ್ರಗಳಿಗೆ ಒಪ್ಪಿಕೊಂಡರು. ಒಂದು ಕಾಲಕ್ಕೆ ನಾಡೆಲ್ಲ ಕೇಳಿದ ದನಿ ಈಗ ಪರದೆಯ ಮೂಲೆಯಲ್ಲಿ ಎರಡು ಮಾತು ಆಡಿ ಹೋಗುವುದು! ಇದನ್ನು ಕೆಲವರು ದುರ್ದೈವ ಎನ್ನುತ್ತಾರೆ. ಹಿರೇಸೊಸೆಯ ಕೈಯಿಂದ ಅಡಿಗೆಮನೆ ಕಿರಿಯಳ ಕೈಗೆ ಹೋದಾಗ ಹಿರಿಯಳು ಹೊರಗೆ ಕುಳಿತು ಕಾಳು ಹಸನು ಮಾಡುವುದನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಅದನ್ನು ದುರ್ದೈವ ಎನ್ನಲು ನನಗೆ ಬಾಯಿ ಬರುವುದಿಲ್ಲ. ಕೆಲಸ ಮಾಡಿ ಉಣ್ಣುವ ಹಠ ಅದು.

ಲಕ್ವ ಹೊಡೆದು, 1965ರ ಮಾರ್ಚ್ 3ರಂದು ಅವರು ತೀರಿಕೊಂಡರು. ಮಣ್ಣಾದದ್ದು ವಿಜಾಪುರದಲ್ಲಿ. ಅಲ್ಲಿ ಅವರ ಹೆಸರಿನ ಅಮೀರ್ ಟಾಕೀಜೂ ತಲೆಯೆತ್ತಿತು. ಕನ್ನಡದಲ್ಲಿ ರಹಮತ್ ತರೀಕೆರೆಯವರು ಅವರ ಬದುಕನ್ನು ಹುಡುಕಿ ತೆಗೆದು ಒಂದು ಪುಸ್ತಕವನ್ನೇ ಬರೆದಿದ್ದಾರೆ. ಬಿಡುವಿದ್ದಾಗ ತರಿಸಿ ಓದಿ.

ಕೊನೆಗೊಂದು ಲೆಕ್ಕ ಉಳಿಯಿತು. ಅಮೀರಬಾಯಿ ಮುಂಬಯಿಗೆ ಹೋದಾಗ ನಮ್ಮ ವಿಜಾಪುರ ಜಿಲ್ಲೆ ಇದ್ದದ್ದು ಮುಂಬಯಿ ಪ್ರಾಂತದಲ್ಲಿ. 1956ರಲ್ಲಿ ಕನ್ನಡ ನಾಡು ಒಂದಾದಾಗ ಅದಕ್ಕೆ ಮೈಸೂರು ಎಂದು ಕರೆದರು. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು, ಅವರು ತೀರಿ ಎಂಟು ವರ್ಷ ದಾಟಿದ ಮೇಲೆ. ಎಂದರೆ, ನಕಾಶೆಯಲ್ಲಿ ಆ ಹೆಸರಿನ ರಾಜ್ಯ ಇಲ್ಲದಾಗಲೂ ಬೀಳಗಿಯ ಒಬ್ಬ ಹೆಣ್ಣುಮಗಳು ಅದನ್ನು ತಟ್ಟೆಯ ಮೇಲೆ ಅಚ್ಚು ಹಾಕಿಸಿ ಕಲಕತ್ತೆ, ಲಾಹೋರಿನ ತನಕ ಕಳಿಸಿದ್ದಳು. ಗಂಡಸರು ಮನವಿ ಬರೆದರು, ಸಭೆ ಕೂಡಿಸಿದರು, ಅದೂ ದೊಡ್ಡ ಕೆಲಸವೇ. ಆಕೆ ಹಾಡಿದಳು. ತವರಿನ ಹೆಸರು ಕೆಡದ ಹಾಗೆ ಪರಊರಿನಲ್ಲಿ ಬಾಳುವುದು ಹೆಣ್ಣುಮಕ್ಕಳಿಗೆ ಹೊಸದಲ್ಲ. ಆದರೆ ತವರಿಗೇ ಹೆಸರು ಮೊದಲು ಕೊಟ್ಟು ಹೋದಾಕಿ ನಮ್ಮ ಬೀಳಗಿಯಾಕಿ.